ಮಗಳು ಒಂದನೇ ತರಗತಿಗೆ ಹೊರಟಿದ್ದಾಳೆ, ಇನ್ನು ಮೂರೇ ವಾರ. ಏನು ಕಲಿಸಲಿ?

ಗುಬ್ಬಚ್ಚಿ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಆರು ತುಂಬಿ ಒಂದು ತಿಂಗಳಾಯಿತು. ಇನ್ನು ಮೂರು ವಾರಕ್ಕೆ ಒಂದನೇ ತರಗತಿ ಶುರು. ಮನೆಯಲ್ಲಿ ದಿನಾ ಇದೇ ಮಾತು, ಇದೇ ಜಗಳ.

ಈ ಮೂರು ವಾರ ದಿನಕ್ಕೆ ಒಂದು ಗಂಟೆ ಕೂರಿಸಿ ಬರೆಸಬೇಕು ಅನ್ನುವುದು ಅವಳ ಅಪ್ಪನ ವಾದ. ಅವಳಿಗೆ ಸ್ವರಗಳು ಬರುತ್ತವೆ. ವ್ಯಂಜನದಲ್ಲಿ ಅರ್ಧ ಗೊತ್ತು. 3 ಅನ್ನು ಉಲ್ಟಾ ಬರೆಯುತ್ತಾಳೆ. ಪಕ್ಕದ ಮನೆಯ ಹುಡುಗ ಇವಳಿಗಿಂತ ಚಿಕ್ಕವನು, ಆಗಲೇ ಸರಾಗವಾಗಿ ಓದುತ್ತಾನೆ. ಅದನ್ನು ನೋಡಿದಾಗಲೆಲ್ಲ ನನಗೂ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗೆ ಆಗುತ್ತದೆ, ನಿಜ.

ಆದರೆ ನನ್ನ ಚಿಂತೆ ಬೇರೆ. ಶಾಲೆ ನೋಡಲು ಹೋದ ದಿನ ಅವಳು ಅರ್ಧ ಗಂಟೆ ನನ್ನ ಕೈ ಬಿಡಲಿಲ್ಲ. ಟೀಚರ್ ಹೆಸರು ಕೇಳಿದರೆ ನೆಲ ನೋಡಿದಳು. ಆ ರಾತ್ರಿ ದೀಪ ಆರಿಸಿದ ಮೇಲೆ ಕೇಳಿದಳು: "ಅಮ್ಮ, ಅಲ್ಲಿ ಸುಸು ಬಂದರೆ ಯಾರಿಗೆ ಹೇಳಬೇಕು?" ನನಗೆ ಉತ್ತರ ಹೊಳೆಯಲಿಲ್ಲ.

ಈ ಮೂರು ವಾರದಲ್ಲಿ ನಿಜವಾಗಿ ಏನು ಮಾಡಬೇಕು? ದಾಟಿ ಬಂದವರು ಹೇಳಿ.

ಮೊದಲಬೆಂಚು

ಅಕ್ಷರ ಆಮೇಲೆ. ಊಟದ ಡಬ್ಬಿಯ ಮುಚ್ಚಳ ಅವಳೇ ತೆಗೆಯುತ್ತಾಳಾ? ಮೊದಲು ಅದನ್ನು ನೋಡಿ.

ಲೆಕ್ಕದಪ್ಪ

ಇಂಥ ಮಾತು ನಂಬಿಯೇ ನಾನು ಕೆಟ್ಟೆ. "ಶಾಲೆಯಲ್ಲಿ ಕಲಿಸುತ್ತಾರೆ ಬಿಡಿ" ಅಂತ ಎಲ್ಲರೂ ಹೇಳಿದರು, ಸುಮ್ಮನಿದ್ದೆ. ಮಗನ ತರಗತಿಯಲ್ಲಿ ಮುಕ್ಕಾಲು ಪಾಲು ಮಕ್ಕಳು ಆಗಲೇ ಓದುತ್ತಿದ್ದರು. ಎರಡನೇ ವಾರ ಮನೆಗೆ ಬಂದು "ನಾನು ದಡ್ಡ" ಅಂದ. ಆರು ವರ್ಷದ ಮಗುವಿನ ಬಾಯಲ್ಲಿ ಆ ಮಾತು ಬಂದರೆ ಎದೆ ಹೇಗೆ ಹಿಂಡುತ್ತದೆ ಗೊತ್ತಾ? ಆ ಮಾತು ಹೋಗಲು ಒಂದು ವರ್ಷ ಬೇಕಾಯಿತು.

ಒಂದು ಗಂಟೆ ಬೇಡ. ಆದರೆ ದಿನಕ್ಕೆ ಅರ್ಧ ಗಂಟೆ ಬರೆಸಿ. ಅವಳ ಅಪ್ಪ ಹೇಳುವುದರಲ್ಲಿ ತಪ್ಪಿಲ್ಲ.

ಹಳೆಟೀಚರ್

19 ವರ್ಷ ಒಂದನೇ ತರಗತಿಗೇ ಪಾಠ ಮಾಡಿದ್ದೇನೆ. ಮೊದಲ ವಾರ ನನ್ನ ಮುಖ್ಯ ಕೆಲಸ ಏನಿರುತ್ತಿತ್ತು ಹೇಳಲಾ? ಮುಚ್ಚಳ ತೆಗೆಯುವುದು. ಊಟದ ಬೆಲ್ ಹೊಡೆದ ತಕ್ಷಣ ಡಬ್ಬಿ ಹಿಡಿದ ಸಾಲು ನನ್ನ ಮೇಜಿನ ಮುಂದೆ. ಕೊನೆಯ ಮಗುವಿನ ಸರದಿ ಬರುವಷ್ಟರಲ್ಲಿ ಊಟದ ಹೊತ್ತು ಅರ್ಧ ಮುಗಿದಿರುತ್ತಿತ್ತು. ಆ ಮಗು ಎರಡು ತುತ್ತು ತಿಂದು ಮಧ್ಯಾಹ್ನದ ಪಾಠಕ್ಕೆ ಕೂರುತ್ತಿತ್ತು. ಹಸಿದ ಹೊಟ್ಟೆಗೆ ಯಾವ ಅಕ್ಷರ ತಲೆಗೆ ಹತ್ತುತ್ತದೆ?

ಒಬ್ಬ ಹುಡುಗ ಇದ್ದ. ಓದುವುದರಲ್ಲಿ ಇಡೀ ತರಗತಿಗೆ ಮುಂದು. ಆದರೆ ಶೂ ಬಿಚ್ಚಿದರೆ ಮತ್ತೆ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಆಟದ ಪೀರಿಯಡ್‌ಗೆ ಎಲ್ಲರೂ ಮೈದಾನಕ್ಕೆ ಓಡುತ್ತಿದ್ದರು. ಇವನು ಬಾಗಿಲ ಹತ್ತಿರ ಕೂತು ಎಡಗಾಲಿನ ಶೂ ಬಲಗಾಲಿಗೆ ತುರುಕುತ್ತಿದ್ದ. ನಾನು ಹತ್ತಿರ ಹೋದರೆ ಎರಡೂ ಕಾಲನ್ನು ಬೆಂಚಿನ ಅಡಿಗೆ ಎಳೆದುಕೊಳ್ಳುತ್ತಿದ್ದ. ಓದಲು ಬರುವ ಮಗು ಕೂಡ ಸಂಜೆ ಅಳುತ್ತಾ ಮನೆಗೆ ಹೋಗುತ್ತದೆ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಗುಬ್ಬಚ್ಚಿಯವರೇ, ನಿಮ್ಮ ಮಗಳು ಕತ್ತಲಲ್ಲಿ ಕೇಳಿದಳಲ್ಲ, ಅದೇ ಸರಿಯಾದ ಪ್ರಶ್ನೆ. ತನಗೆ ಏನು ಬೇಕಾಗಿದೆ ಅಂತ ಅವಳಿಗೇ ಗೊತ್ತಿದೆ. ಟಾಯ್ಲೆಟ್ ಬಾಗಿಲಿನ ಚಿಲಕ ಹಾಕಿ ತೆಗೆಯುವುದು, ತಾನೇ ತೊಳೆದುಕೊಳ್ಳುವುದು, ಉಡುಪಿನ ಗುಂಡಿ ಹಾಕುವುದು, ಮೂಗು ಒರೆಸಿಕೊಳ್ಳುವುದು, ಚೀಲದ ಜಿಪ್ ಎಳೆಯುವುದು. ಎಲ್ಲಕ್ಕಿಂತ ಹೆಚ್ಚಾಗಿ, ಗೊತ್ತಿಲ್ಲದ ದೊಡ್ಡವರ ಹತ್ತಿರ ಹೋಗಿ ಒಂದು ವಾಕ್ಯ ಹೇಳುವುದು. ಮೂರು ವಾರಕ್ಕೆ ಇಷ್ಟು ಕೆಲಸ ಸಾಕು. ಅಕ್ಷರದಲ್ಲಿ ಒಂದನ್ನು ಮಾತ್ರ ಕಲಿಸಿ: ತನ್ನ ಹೆಸರು ಬರೆದದ್ದನ್ನು ನೋಡಿ ಗುರುತು ಹಿಡಿಯುವುದು. 30 ಬಾಟಲಿಗಳ ನಡುವೆ ತನ್ನದು ಯಾವುದು ಅಂತ ಗೊತ್ತಾದರೆ ಮಗು ಅರ್ಧ ಗೆದ್ದ ಹಾಗೆ.

3 ಉಲ್ಟಾ ಬರೆಯುವುದಕ್ಕೆ ಹೆದರಬೇಡಿ. ಸುಮಾರು ಏಳು ವರ್ಷದವರೆಗೆ ಅದು ತುಂಬಾ ಮಕ್ಕಳಲ್ಲಿ ಇರುತ್ತದೆ.

ಗಂಟೆಗಟ್ಟಲೆ ಬರೆಸುವುದು ಮಾತ್ರ ಬೇಡವೇ ಬೇಡ. ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ. ಹುಟ್ಟುವಾಗ ಅವು ಮೂಳೆಯಾಗಿರುವುದಿಲ್ಲ, ಮೆತ್ತಗಿನ ಮೃದ್ವಸ್ಥಿ. ವರ್ಷ ಕಳೆದ ಹಾಗೆ ಒಂದೊಂದಾಗಿ ಗಟ್ಟಿಯಾಗುತ್ತವೆ. ಆರು ವರ್ಷಕ್ಕೆ ಆ ಕೆಲಸ ಇನ್ನೂ ಮುಗಿದಿರುವುದಿಲ್ಲ. ಪೆನ್ಸಿಲ್ ಬಿಟ್ಟು ಮಣ್ಣು ಕಲಸಲು ಬಿಡಿ, ಕಾಗದ ಹರಿಯಲು ಬಿಡಿ, ಒದ್ದೆ ಸ್ಪಂಜು ಹಿಂಡಲು ಬಿಡಿ. ಬಟ್ಟೆ ಕ್ಲಿಪ್ ಒತ್ತಿ ತೆರೆಯುವ ಬೆರಳಿಗೆ ಪೆನ್ಸಿಲ್ ತಾನಾಗಿ ಒಗ್ಗುತ್ತದೆ.

ಲೆಕ್ಕದಪ್ಪ

ಟೀಚರ್, ನಿಮ್ಮಂಥವರು ಸಿಕ್ಕಿದ್ದರೆ ನನ್ನ ಮಗ ಆ ಮಾತು ಹೇಳುತ್ತಿರಲಿಲ್ಲ. ಅವನ ತರಗತಿಯಲ್ಲಿ ಎಲ್ಲರಿಗೂ ಓದಲು ಬರುತ್ತದೆ ಅಂದುಕೊಂಡೇ ಪಾಠ ಶುರು ಮಾಡಿದರು. ಮೂರನೇ ದಿನಕ್ಕೇ ಉಕ್ತಲೇಖನ. ಅಂಥ ತರಗತಿಗೆ ಹೋಗುವ ಮಗು ಏನು ಮಾಡಬೇಕು? ಮುಚ್ಚಳ ತೆಗೆದು ಕೂರಬೇಕಾ?

ಹಳೆಟೀಚರ್

ನಿಮ್ಮ ಕೋಪ ಸರಿಯೇ ಇದೆ. ಆದರೆ ಆ ತಪ್ಪು ನಿಮ್ಮ ಮಗನದೂ ಅಲ್ಲ, ನಿಮ್ಮದೂ ಅಲ್ಲ. ಸಿದ್ಧತೆ ಅಂದರೆ ಮಗು ಸಿದ್ಧವಾಗುವುದು ಮಾತ್ರ ಅಲ್ಲ ಅಂತ ಯುನಿಸೆಫ್ ಕೂಡ ಹೇಳುತ್ತದೆ. ಮಗು, ಮನೆ, ಶಾಲೆ, ಈ ಮೂರೂ ಸಿದ್ಧವಾಗಬೇಕು. ಮೂರನೇ ದಿನ ಉಕ್ತಲೇಖನ ಕೊಟ್ಟ ಶಾಲೆ ಸಿದ್ಧವಾಗಿರಲಿಲ್ಲ. ಅಂಥ ಕಡೆ ತಂದೆತಾಯಿ ಹೋಗಿ ಮಾತಾಡಬೇಕು. ಮೆಲ್ಲಗೆ, ಆದರೆ ಬಿಡದೆ.

ಲೆಕ್ಕದಪ್ಪ

ಹೋಗಿ ಮಾತಾಡಿದೆ. ನಾಲ್ಕು ತಿಂಗಳು ತಡವಾಗಿ.

ಬಟ್ಟೆಗೊಂಬೆ

ಗುಂಡಿ ಹಾಕುವ ಮಾತು ಬಂತಲ್ಲ, ಒಂದು ವಿಷಯ ನೆನಪಾಯಿತು. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ಮಕ್ಕಳ ಮನೆ ಅನ್ನುವ ಶಾಲೆ ಶುರು ಮಾಡಿದವರು. ಗುಂಡಿ ಹಾಕುವುದು, ಲೇಸ್ ಕಟ್ಟುವುದು ಅವರ ಪದ್ಧತಿಯಲ್ಲಿ ಒಂದು ಪಾಠವೇ. ಮರದ ಚೌಕಟ್ಟಿಗೆ ಎರಡು ತುಂಡು ಬಟ್ಟೆ ಹಾಕಿ, ನಡುವೆ ಗುಂಡಿ ಇಟ್ಟು ಕೊಡುತ್ತಾರೆ. ನಾನು ಹಳೆಯ ಶರ್ಟ್ ಒಂದನ್ನು ದಿಂಬಿಗೆ ತೊಡಿಸಿ ಮಗನಿಗೆ ಕೊಟ್ಟೆ. ದೊಡ್ಡ ಗುಂಡಿಯಿಂದ ಶುರು. ಎರಡು ವಾರಕ್ಕೆ ಅವನ ಅಂಗಿ ಅವನೇ ಹಾಕಿಕೊಂಡ. ಮೊದಮೊದಲು ಒಂದು ಗುಂಡಿ ಮೇಲೆ ಕೆಳಗೆ ಆಗುತ್ತದೆ. ಆಗಲಿ ಬಿಡಿ, ಸರಿ ಮಾಡಲು ಕೈ ಹಾಕಬೇಡಿ.

ಮಳೆಬಿಲ್ಲು

ಶೂಗೆ ಒಂದು ಉಪಾಯ ಇದೆ. ದುಂಡು ಸ್ಟಿಕರ್ ಒಂದನ್ನು ನಡುವೆ ಕತ್ತರಿಸಿ. ಎಡ ಅರ್ಧ ಎಡ ಶೂ ಒಳಗೆ, ಬಲ ಅರ್ಧ ಬಲ ಶೂ ಒಳಗೆ, ಒಳಅಂಚಿಗೆ ಸರಿಯಾಗಿ ಅಂಟಿಸಿ. ಎರಡೂ ಶೂ ಪಕ್ಕಪಕ್ಕ ಇಟ್ಟಾಗ ಚಿತ್ರ ಕೂಡಿದರೆ ಸರಿ. ನನ್ನ ಮಗಳು ಒಂದೇ ದಿನದಲ್ಲಿ ಕಲಿತಳು.

ಅವಳಿತಾಯಿ

ನನಗೆ ಅವಳಿ ಮಕ್ಕಳು. ಒಂದೇ ದಿನ, ಒಂದೇ ತರಗತಿ. ಒಬ್ಬಳು ಮೊದಲ ದಿನ ಗೇಟಿನಲ್ಲಿ ನನ್ನ ಕಾಲು ತಬ್ಬಿಕೊಂಡು ಅತ್ತಳು. ಇನ್ನೊಬ್ಬಳು ತಿರುಗಿಯೂ ನೋಡದೆ ಒಳಗೆ ಹೋದಳು. ಎಲ್ಲರೂ ಎರಡನೆಯವಳನ್ನು ಹೊಗಳಿದರು. ಮೊದಲನೆಯವಳ ಅಳು ಎರಡು ವಾರಕ್ಕೆ ನಿಂತಿತು. ಎರಡನೆಯವಳ ಅಳು ಮೂರನೇ ವಾರ ಶುರುವಾಯಿತು! ಅಲ್ಲಿಯವರೆಗೆ ಅವಳು ಇದನ್ನು ಒಂದು ಪ್ರವಾಸ ಅಂದುಕೊಂಡಿದ್ದಳು. ದಿನಾ ಹೋಗಬೇಕು ಅಂತ ಅರಿವಾದಾಗ ಕುಸಿದಳು. ಹಾಗಾಗಿ ಮೊದಲ ವಾರ ಚೆನ್ನಾಗಿ ಹೋಯಿತು ಅಂತ ನಿಶ್ಚಿಂತೆಯಾಗಿ ಇರಬೇಡಿ.

ಬಿಟ್ಟು ಬರುವಾಗ ಒಂದೇ ಕ್ರಮ ಇಟ್ಟುಕೊಳ್ಳಿ. ನಮ್ಮದು ಹೀಗೆ: ಅಂಗೈಗೆ ಒಂದು ಮುತ್ತು, ಮುಷ್ಟಿ ಮುಚ್ಚುವುದು, "ಕೊನೆಯ ಬೆಲ್ ಆದ ಮೇಲೆ ಇದೇ ಕಂಬದ ಹತ್ತಿರ ಇರುತ್ತೇನೆ" ಅನ್ನುವುದು, ಹೊರಡುವುದು. ಅರ್ಧ ನಿಮಿಷ ಅಷ್ಟೇ. "ಬೇಗ ಬರುತ್ತೇನೆ" ಅನ್ನಬೇಡಿ. ಮಗುವಿಗೆ ಬೇಗ ಅಂದರೆ ಈಗಲೇ ಅಂತ. ಹೇಳಿದ ಹೊತ್ತಿಗೆ, ಹೇಳಿದ ಜಾಗದಲ್ಲಿ ಇರಿ. ನಾನು ಒಂದು ದಿನ ಹತ್ತು ನಿಮಿಷ ತಡವಾಗಿ ಹೋದೆ. ಗಳಿಸಿದ್ದೆಲ್ಲ ಮತ್ತೆ ಮೊದಲಿನಿಂದ.

ರಾತ್ರಿಪಾಳಿ

ನಾನು ಇದಕ್ಕೆ ಒಪ್ಪುವುದಿಲ್ಲ. ಟಾಟಾ ಹೇಳಿದರೆ ಅಳು ಜಾಸ್ತಿ. ನನ್ನ ಮಗ ಆಟದ ಸಾಮಾನು ನೋಡುತ್ತಿದ್ದಾಗ ಸುಮ್ನೆ ಹೊರಗೆ ಬಂದುಬಿಟ್ಟೆ. ಹತ್ತು ನಿಮಿಷ ಅತ್ತನಂತೆ, ಆಮೇಲೆ ಸರಿಹೋದ.

ಅವಳಿತಾಯಿ

ಮರುದಿನ ಏನಾಯಿತು?

ರಾತ್ರಿಪಾಳಿ

ಮರುದಿನ ನನ್ನ ಅಂಗಿ ಬಿಡಲಿಲ್ಲ. ಮನೆಯಲ್ಲಿ ಸ್ನಾನಕ್ಕೆ ಹೋದರೂ ಬಾಗಿಲ ಹತ್ತಿರ ನಿಲ್ಲುತ್ತಿದ್ದ. ನೀವು ಕೇಳಿದ ಮೇಲೆ ಈಗ ಹೊಳೆಯುತ್ತಿದೆ. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಆಗ ಅನ್ನಿಸಿರಲಿಲ್ಲ.

ಅವಳಿತಾಯಿ

ಇದೆ. ಅಪ್ಪ ಯಾವ ಕ್ಷಣ ಬೇಕಾದರೂ ಮಾಯವಾಗಬಹುದು ಅಂತ ಅವನು ಕಲಿತ. ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ಗೇಟಿನ ಅಳು ಕೇಳುವುದು ಯಾರಿಗೂ ಸುಲಭ ಅಲ್ಲ. ಆದರೆ ಕಣ್ಣ ಮುಂದೆ ಅತ್ತು ಬೀಳ್ಕೊಡುವುದೇ ಮಗುವಿಗೆ ಒಳ್ಳೆಯದು.

ರಾತ್ರಿಪಾಳಿ

ಸರಿ. ಮಗಳು ಇನ್ನೆರಡು ವರ್ಷಕ್ಕೆ ಹೋಗುತ್ತಾಳೆ. ಅವಳಿಗೆ ಹೇಳಿಯೇ ಬರುತ್ತೇನೆ.

ಗುಬ್ಬಚ್ಚಿ

ಎಲ್ಲ ಓದುತ್ತಿದ್ದೇನೆ, ತುಂಬಾ ಧನ್ಯವಾದ. ನಿನ್ನೆ ಡಬ್ಬಿ ಕೊಟ್ಟು ನೋಡಿದೆ. ನಾಲ್ಕು ಕಡೆ ಕ್ಲಿಪ್ ಇರುವ ಡಬ್ಬಿ, ಒಳಗೆ ರಬ್ಬರ್ ಸುತ್ತು. ಮೂರು ಕ್ಲಿಪ್ ತೆಗೆದಳು. ನಾಲ್ಕನೆಯದು ಬರಲಿಲ್ಲ. ಡಬ್ಬಿಯನ್ನು ಮಂಡಿಗಳ ನಡುವೆ ಇಟ್ಟುಕೊಂಡು, ತುಟಿ ಕಚ್ಚಿಕೊಂಡು ಎಳೆದಳು. ಕೊನೆಗೆ ಏನೂ ಹೇಳದೆ ಪಕ್ಕಕ್ಕೆ ಇಟ್ಟು "ನನಗೆ ಹಸಿವಿಲ್ಲ" ಅಂದಳು. ನನಗೆ ಎದೆ ಧಸಕ್ ಅಂತು. ಶಾಲೆಯಲ್ಲೂ ಇವಳು ಹೀಗೇ ಅನ್ನುತ್ತಾಳೆ. ನನಗೆ ಗೊತ್ತೇ ಆಗುತ್ತಿರಲಿಲ್ಲ.

ಮೊದಲಬೆಂಚು

ಡಬ್ಬಿ ಬದಲಿಸಿ. ಎರಡು ಕ್ಲಿಪ್ ಇರುವುದು ಸಾಕು.

ಮಳೆಬಿಲ್ಲು

ಜೊತೆಗೆ ವಾರದಲ್ಲಿ ಎರಡು ಸಲ ಮನೆಯಲ್ಲೇ ಶಾಲೆಯ ಊಟ ಆಡಿ. ನೆಲದ ಮೇಲೆ ಚೀಲ ಇಟ್ಟುಕೊಂಡು ಕೂರಲಿ. ತಾನೇ ಡಬ್ಬಿ ತೆಗೆಯಲಿ, ತಿನ್ನಲಿ, ಮುಚ್ಚಲಿ, ಬಾಟಲಿ ತಿರುಗಿಸಲಿ. 20 ನಿಮಿಷ. ನೀವು ಪಕ್ಕದ ಕೋಣೆಯಲ್ಲಿ ಇರಿ. ಎಷ್ಟು ತಿಂದಳು ಅಂತ ನೋಡಿದರೆ ಡಬ್ಬಿಗೆ ಎಷ್ಟು ಹಾಕಬೇಕು ಅನ್ನುವುದೂ ತಿಳಿಯುತ್ತದೆ. ನಾವು ಪ್ರೀತಿಯಿಂದ ತುಂಬಿ ಕಳಿಸುತ್ತೇವೆ, ಮಗು ಅದನ್ನು ನೋಡಿಯೇ ಗಾಬರಿಯಾಗುತ್ತದೆ.

ಎರಡುಕಣ್ಣು

ಶಾಲೆ ಶುರುವಾಗುವ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಇದನ್ನು ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಮಗಳು ಬೋರ್ಡ್ ನೋಡಿ ಬರೆಯುತ್ತಿರಲಿಲ್ಲ, ಪಕ್ಕದವಳ ಪುಸ್ತಕ ನೋಡಿ ಬರೆಯುತ್ತಿದ್ದಳು. ಕಾಪಿ ಹೊಡೆಯುತ್ತಾಳೆ ಅಂತ ದೂರು ಬಂತು. ಮನೆಯಲ್ಲಿ ನಾನೂ ಗದರಿದೆ. ಆರು ತಿಂಗಳ ಮೇಲೆ ಕಣ್ಣು ತೋರಿಸಿದಾಗ ಒಂದು ಕಣ್ಣಿನ ದೃಷ್ಟಿ ತುಂಬಾ ಕಡಿಮೆ ಇತ್ತು. ಕನ್ನಡಕ ಹಾಕಿದ ದಿನ ಮನೆ ಮುಂದಿನ ಮರ ನೋಡಿ "ಎಲೆಗಳು ಬೇರೆ ಬೇರೆ ಕಾಣುತ್ತವೆ!" ಅಂದಳು. ಅಷ್ಟು ದಿನ ಅವಳಿಗೆ ಮರ ಅಂದರೆ ಒಂದು ಹಸಿರು ಮುದ್ದೆ. ಬೇರೆಯವರಿಗೆ ಹೇಗೆ ಕಾಣುತ್ತದೆ ಅಂತ ಮಗುವಿಗೆ ಗೊತ್ತಿಲ್ಲ, ಅದಕ್ಕೆ ಹೇಳುವುದಿಲ್ಲ. ಸೋಮಾರಿ ಕಣ್ಣು ಅನ್ನುತ್ತಾರಲ್ಲ, ಅದಕ್ಕೆ ಏಳು ವರ್ಷದ ಒಳಗೆ ಚಿಕಿತ್ಸೆ ಶುರುವಾದರೆ ಹೆಚ್ಚು ಫಲ.

ಕಿವಿಯೂ ಹಾಗೆಯೇ. ಪದೇ ಪದೇ ನೆಗಡಿ ಆಗುವ ಮಕ್ಕಳಿಗೆ ಕಿವಿಯ ಒಳಗೆ, ತಮಟೆಯ ಹಿಂದೆ ನೀರು ತುಂಬಿಕೊಳ್ಳುವುದು ಉಂಟು. ನೋವೇ ಇರುವುದಿಲ್ಲ. ಮಾತು ಮಸುಕಾಗಿ ಕೇಳುತ್ತದೆ. ಟೀಚರ್‌ಗೆ ಮಗು ಗಮನ ಕೊಡುತ್ತಿಲ್ಲ ಅಂತ ಕಾಣುತ್ತದೆ.

ಎಡಗೈ

ಎಡಗೈ ಮಕ್ಕಳ ಬಗ್ಗೆಯೂ ಒಂದು ಮಾತು. ಹತ್ತರಲ್ಲಿ ಒಬ್ಬರು ಎಡಗೈಯವರು, ಆದರೂ ತರಗತಿಯಲ್ಲಿ ಯಾರಿಗೂ ನೆನಪಿರುವುದಿಲ್ಲ. ನನ್ನ ಬಾಲ್ಯದಲ್ಲಿ ಕೈಯಿಂದ ಪೆನ್ಸಿಲ್ ಕಿತ್ತು ಬಲಗೈಗೆ ಕೊಡುತ್ತಿದ್ದರು. ಆ ಭಯ ಇವತ್ತಿಗೂ ಮರೆತಿಲ್ಲ. ದಯವಿಟ್ಟು ಯಾರೂ ಕೈ ಬದಲಿಸಬೇಡಿ.

ಮಗುವನ್ನು ಬೆಂಚಿನ ಎಡ ತುದಿಯಲ್ಲಿ ಕೂರಿಸಲು ಟೀಚರ್‌ಗೆ ಹೇಳಿ. ಇಲ್ಲದಿದ್ದರೆ ಪಕ್ಕದ ಮಗುವಿನ ಬಲ ಮೊಣಕೈಗೂ ಇವರ ಎಡ ಮೊಣಕೈಗೂ ದಿನವಿಡೀ ಯುದ್ಧ. ಕಾಗದವನ್ನು ಸ್ವಲ್ಪ ಬಲಕ್ಕೆ ವಾಲಿಸಿ ಇಡಬೇಕು. ಪೆನ್ಸಿಲ್ ಅನ್ನು ತುದಿಯಿಂದ ಸ್ವಲ್ಪ ಮೇಲೆ ಹಿಡಿದರೆ ಬರೆದದ್ದು ಕಾಣುತ್ತದೆ. ಎಡಗೈ ಕತ್ತರಿ ಬೇರೆಯೇ ಇದೆ, ಅದನ್ನೇ ಕೊಡಿಸಿ.

ಹಳೆಟೀಚರ್

ಎಡಗೈಯವರ ಮಾತು ಎಲ್ಲ ಶಿಕ್ಷಕರೂ ಓದಬೇಕು. ನಾನು ಮೊದಲ ಕೆಲವು ವರ್ಷ ಇದನ್ನು ಗಮನಿಸಿಯೇ ಇರಲಿಲ್ಲ. ಇಬ್ಬರು ಹುಡುಗರು ಜಗಳ ಆಡುತ್ತಾರೆ ಅಂತ ಬೇರೆ ಬೇರೆ ಕೂರಿಸಿದ್ದೆ. ಕಾರಣ ಮೊಣಕೈ!

ದಾರಿತಾತ

ನಾನು ಮೂವರು ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟವನು. ನಮ್ಮ ಕಾಲದಲ್ಲಿ ಇಷ್ಟೆಲ್ಲ ಯೋಚನೆ ಇರಲಿಲ್ಲ. ಹೋಗು ಅಂದರು, ಹೋದೆವು. ಈಗ ಹೆತ್ತವರ ಮುಖದಲ್ಲೇ ಭಯ ಕಾಣುತ್ತದೆ, ಮಗು ಅದನ್ನು ಓದುತ್ತದೆ. ಗೇಟಿನಲ್ಲಿ ನಿಮ್ಮ ಕಣ್ಣಲ್ಲಿ ನೀರು ಇರಬಾರದು.

ಅವಳಿತಾಯಿ

ತಾತ, ನಿಮ್ಮ ಕಾಲದಲ್ಲೂ ಮಕ್ಕಳು ಅಳುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ ಅಷ್ಟೇ.

ದಾರಿತಾತ

ಅದೂ ನಿಜವೇ. ನಾನು ಮೊದಲ ತಿಂಗಳು ದಿನಾ ಹೊಟ್ಟೆನೋವು ಅನ್ನುತ್ತಿದ್ದೆ. ಹೊಟ್ಟೆ ನಿಜವಾಗಿಯೂ ನೋಯುತ್ತಿತ್ತು, ಆದರೆ ಭಾನುವಾರ ನೋಯುತ್ತಿರಲಿಲ್ಲ. ಅದು ಭಯ ಅಂತ ಆಗ ಯಾರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ನಿಮ್ಮ ಮಾತು ಒಪ್ಪಿಕೊಂಡೆ.

ಮೊಮ್ಮಕ್ಕಳಿಗೆ ನಾನು ಮಾಡಿದ್ದು ಒಂದೇ. ಶಾಲೆ ಶುರುವಾಗುವ ಮೊದಲು ಆ ದಾರಿಯಲ್ಲಿ ನಾಲ್ಕು ಸಲ ನಡೆದುಕೊಂಡು ಹೋದೆವು. ಮೊದಲ ಸಲ ನಾನು ಮುಂದೆ. ನಾಲ್ಕನೇ ಸಲ ಮೊಮ್ಮಗ ಮುಂದೆ, ನಾನು ಹಿಂದೆ. ಎಲ್ಲಿ ತಿರುಗಬೇಕು, ಎಲ್ಲಿ ನಿಂತು ಎರಡೂ ಕಡೆ ನೋಡಬೇಕು, ಎಲ್ಲ ಅವನೇ ಹೇಳಿದ. ಗೇಟಿನ ಹತ್ತಿರ ನಿಂತು "ತಾತ, ಇದು ನನ್ನ ಶಾಲೆ" ಅಂತ ನನಗೇ ತೋರಿಸಿದ.

ಗುಬ್ಬಚ್ಚಿ

ತಾತ, ನಾಳೆ ಸಂಜೆಯೇ ಹೊರಡುತ್ತೇವೆ.

ಕಿರಿಯವನಅಮ್ಮ

ನನ್ನ ಮಗ ತರಗತಿಯಲ್ಲೇ ಕಿರಿಯವನಾಗುತ್ತಾನೆ. ವಯಸ್ಸಿನ ಗಡಿಗೆ ಸರಿಯಾಗಿ ಹತ್ತು ದಿನ ಮೊದಲು ಹುಟ್ಟಿದವನು. ಒಂದು ವರ್ಷ ತಡ ಮಾಡಲಾ? ಎಲ್ಲರೂ "ವರ್ಷ ಯಾಕೆ ಹಾಳು ಮಾಡುತ್ತೀರಿ" ಅನ್ನುತ್ತಾರೆ.

ಲೆಕ್ಕದಪ್ಪ

ಇದರಲ್ಲಿ ನಾನು ಮಗುವಿನ ಕಡೆ. ಒಂದೇ ತರಗತಿಯಲ್ಲಿ ಹಿರಿಯ ಮಗುವಿಗೂ ಕಿರಿಯ ಮಗುವಿಗೂ ಹೆಚ್ಚುಕಡಿಮೆ ಒಂದು ವರ್ಷ ಅಂತರ. ಆರು ವರ್ಷದವನಿಗೆ ಒಂದು ವರ್ಷ ಅಂದರೆ ಅವನ ಬದುಕಿನ ಆರನೇ ಒಂದು ಭಾಗ! ತರಗತಿಯ ಕಿರಿಯ ಮಕ್ಕಳಿಗೇ ಎಡಿಎಚ್‌ಡಿ (ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ) ಅನ್ನುವ ಹಣೆಪಟ್ಟಿ ಜಾಸ್ತಿ ಬೀಳುತ್ತದೆ ಅಂತ ಹಲವು ದೇಶಗಳಲ್ಲಿ ಕಂಡುಬಂದಿದೆ. ಎಷ್ಟೋ ಸಲ ಅದು ಕಾಯಿಲೆ ಅಲ್ಲ, ಬರೀ ಎಳೆತನ.

ಫಿನ್‌ಲ್ಯಾಂಡ್‌ನಲ್ಲಿ ಏಳು ತುಂಬುವ ವರ್ಷ ಒಂದನೇ ತರಗತಿ. ಇಂಗ್ಲೆಂಡ್‌ನಲ್ಲಿ ಐದಕ್ಕೇ ಕಡ್ಡಾಯ, ತುಂಬಾ ಮಕ್ಕಳು ನಾಲ್ಕಕ್ಕೇ ರಿಸೆಪ್ಷನ್ ತರಗತಿಗೆ ಹೋಗುತ್ತಾರೆ. ಎಲ್ಲರೂ ಒಂದೇ ವಯಸ್ಸಿಗೆ ಅಂತ ಎಲ್ಲೂ ಬರೆದಿಲ್ಲ.

ಹಳೆಟೀಚರ್

ಹುಟ್ಟಿದ ದಿನಾಂಕ ಮಾತ್ರ ನೋಡಿ ನಿರ್ಧಾರ ಮಾಡಬೇಡಿ. ಕಿರಿಯ ಮಕ್ಕಳು ಎಷ್ಟೋ ಜನ ನನ್ನ ತರಗತಿಯಲ್ಲಿ ಆರಾಮಾಗಿ ಇದ್ದರು. ಬೇರೆ ಮಕ್ಕಳ ಜೊತೆ ಆಡುತ್ತಾನಾ? ಕೆಲವು ಗಂಟೆ ನಿಮ್ಮನ್ನು ಬಿಟ್ಟು ಇರುತ್ತಾನಾ? ಮಾತಿನಲ್ಲಿ ಹೇಳಿದರೆ ಎರಡು ಕೆಲಸ ಸಾಲಾಗಿ ಮಾಡುತ್ತಾನಾ? "ಚೀಲ ಇಟ್ಟು, ಕೈ ತೊಳೆದುಕೊಂಡು ಬಾ" ಅಂದರೆ ಎರಡೂ ನೆನಪಿರುತ್ತದಾ? ಇವೆಲ್ಲ ಇಲ್ಲ ಅಂತಾದರೆ, ಅವನ ಈಗಿನ ಟೀಚರ್ ಹತ್ತಿರ ಕೂತು ಮಾತಾಡಿ. ನಿಯಮ ಒಂದೊಂದು ಕಡೆ ಒಂದೊಂದು, ಅದನ್ನು ಶಾಲೆಯಲ್ಲೇ ಕೇಳಬೇಕು.

ಕಿರಿಯವನಅಮ್ಮ

ಎರಡು ಕೆಲಸ ಮಾಡುತ್ತಾನೆ, ಮೂರನೆಯದು ಮರೆಯುತ್ತಾನೆ. ಟೀಚರ್ ಹತ್ತಿರ ಮಾತಾಡುತ್ತೇನೆ.

ಎರಡುಭಾಷೆ

ಮನೆಯ ಮಾತು ಬೇರೆ, ಶಾಲೆಯ ಮಾತು ಬೇರೆ ಇರುವ ಮಕ್ಕಳ ಕಷ್ಟವನ್ನೂ ನೋಡಿ. ನಾನೇ ಆ ಮಗು. ಮೊದಲ ವಾರ ಟೀಚರ್ ಏನೋ ಹೇಳಿದರು, ಎಲ್ಲರೂ ಎದ್ದು ನಿಂತರು, ನಾನೂ ನಿಂತೆ. ಎಲ್ಲರೂ ಕೂತರು, ನಾನೂ ಕೂತೆ. ಮೂರು ತಿಂಗಳು ಹಾಗೇ ಕಳೆಯಿತು. ಬಾಯಿ ಬಿಟ್ಟರೆ ತಪ್ಪಾಗುತ್ತದೆ ಅಂತ ಮಾತೇ ಆಡಲಿಲ್ಲ.

ಮಕ್ಕಳಿಗೆ ಮೊದಲ ಪಾಠ ತಾಯಿನುಡಿಯಲ್ಲೇ ಇರಲಿ ಅಂತ ಯುನೆಸ್ಕೊ 1953ರಷ್ಟು ಹಿಂದೆಯೇ ಹೇಳಿತ್ತು. ಎಲ್ಲರಿಗೂ ಅದು ಸಿಗುವುದಿಲ್ಲ. ಸಿಗದಿದ್ದರೆ ಕನಿಷ್ಠ ಐದು ವಾಕ್ಯ ಶಾಲೆಯ ಭಾಷೆಯಲ್ಲಿ ಬಾಯಿಪಾಠ ಮಾಡಿಸಿ: ಟಾಯ್ಲೆಟ್‌ಗೆ ಹೋಗಬೇಕು, ನೀರು ಬೇಕು, ಹೊಟ್ಟೆ ನೋಯುತ್ತಿದೆ, ನನಗೆ ಅರ್ಥವಾಗಲಿಲ್ಲ, ಇದನ್ನು ತೆಗೆದುಕೊಡಿ. ಮನೆಯಲ್ಲಿ ಮಾತ್ರ ನಿಮ್ಮ ಮಾತನ್ನೇ ಆಡಿ. ಶಾಲೆಗೆ ಹೊರಟಿತು ಅಂತ ಮನೆಯ ಮಾತನ್ನೂ ಬದಲಿಸಿದರೆ ಮಗುವಿಗೆ ನಿರಾಳವಾಗಿ ಮಾತಾಡುವ ಜಾಗವೇ ಉಳಿಯುವುದಿಲ್ಲ.

ರಾತ್ರಿಪಾಳಿ

ಮೂರು ತಿಂಗಳು ಮಾತೇ ಆಡಲಿಲ್ವಾ? ಟೀಚರ್ ಗಮನಿಸಲಿಲ್ವಾ?

ಎರಡುಭಾಷೆ

"ತುಂಬಾ ಒಳ್ಳೆಯ ಮಗು, ಗಲಾಟೆ ಇಲ್ಲ" ಅಂತ ಅಮ್ಮನಿಗೆ ಹೇಳಿದರಂತೆ.

ಬಟ್ಟೆಗೊಂಬೆ

ಟಾಯ್ಲೆಟ್ ವಿಷಯ ಯಾರೂ ಪೂರ್ತಿ ಬಿಡಿಸಿ ಹೇಳುತ್ತಿಲ್ಲ. ನಾನು ಹೇಳುತ್ತೇನೆ. ನನ್ನ ಮಗ ಶಾಲೆಯ ಟಾಯ್ಲೆಟ್‌ಗೆ ಹೋಗುತ್ತಲೇ ಇರಲಿಲ್ಲ. ಫ್ಲಶ್ ಸದ್ದಿಗೆ ಹೆದರಿಕೆ. ನೀರು ಕುಡಿದರೆ ತಾನೇ ಹೋಗಬೇಕಾದದ್ದು ಅಂತ ನೀರನ್ನೇ ಬಿಟ್ಟ. ಬಾಟಲಿ ಸಂಜೆ ತುಂಬಿದ ಹಾಗೇ ಬರುತ್ತಿತ್ತು. ಎರಡು ತಿಂಗಳಲ್ಲಿ ಮಲಬದ್ಧತೆ. ಆಮೇಲೆ ಚಡ್ಡಿಯಲ್ಲಿ ಕಲೆ. ನಾವು ಅದನ್ನು ಸೋಮಾರಿತನ ಅಂದುಕೊಂಡು ಬೈದೆವು. ಮಲ ಒಳಗೆ ಗಟ್ಟಿಯಾಗಿ ನಿಂತಾಗ ಅದರ ಪಕ್ಕದಿಂದ ತೆಳ್ಳಗಿನದು ತಾನಾಗಿ ಸೋರುತ್ತದೆ, ಮಗುವಿನ ಹಿಡಿತದಲ್ಲೇ ಇರುವುದಿಲ್ಲ ಅಂತ ಡಾಕ್ಟರ್ ವಿವರಿಸಿದಾಗ ನಾನು ಅಲ್ಲೇ ಅತ್ತೆ. ಅಷ್ಟು ಬೈದಿದ್ದೆವು.

ಬಾಟಲಿ ತುಂಬಿ ವಾಪಸ್ ಬಂದರೆ ಎಚ್ಚರ ಆಗಿ. ಬೆಳಿಗ್ಗೆ ತಿಂಡಿ ಆದ ಮೇಲೆ ಹತ್ತು ನಿಮಿಷ ಟಾಯ್ಲೆಟ್‌ನಲ್ಲಿ ಕೂರಲು ಹೊತ್ತು ಕೊಡಿ. ಅವಸರದ ಬೆಳಿಗ್ಗೆ ಇದನ್ನು ನುಂಗಿಹಾಕುತ್ತದೆ.

ಹಳೆಟೀಚರ್

ಬಟ್ಟೆಗೊಂಬೆಯವರೇ, ಇದನ್ನು ಬರೆದದ್ದಕ್ಕೆ ಕೈಮುಗಿಯುತ್ತೇನೆ. ಇದಕ್ಕೆ ಒಂದೇ ಮಾತು ಸೇರಿಸುತ್ತೇನೆ. ಚೀಲದ ತಳದಲ್ಲಿ ಒಂದು ಜೊತೆ ಬಟ್ಟೆ, ಒಂದು ಖಾಲಿ ಕವರ್ ಇಡಿ. ಅಲ್ಲಿದೆ ಅಂತ ಮಗುವಿಗೆ ತೋರಿಸಿ. "ಒದ್ದೆಯಾದರೆ ಪರವಾಗಿಲ್ಲ, ಎಲ್ಲರಿಗೂ ಆಗುತ್ತದೆ" ಅಂತ ಮೊದಲೇ ಹೇಳಿಟ್ಟಿರಿ. ಆದ ಮೇಲೆ ಹೇಳಿದರೆ ಮಗು ನಂಬುವುದಿಲ್ಲ.

ನಿದ್ದೆಗಣ್ಣು

ನಿದ್ದೆ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅಂತ ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಹೇಳಿದೆ. ಆರಕ್ಕೆ ಏಳಬೇಕಾದರೆ ಎಂಟೂವರೆಗೆ ಮಲಗಿರಬೇಕು. ರಜೆಯಲ್ಲಿ ಹತ್ತೂವರೆಗೆ ಮಲಗುವ ಮಗು ಶಾಲೆಯ ಹಿಂದಿನ ರಾತ್ರಿ ಎಂಟೂವರೆಗೆ ಮಲಗು ಅಂದರೆ ಮಲಗುತ್ತದಾ? ಇವತ್ತಿನಿಂದಲೇ ಎರಡು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದಕ್ಕೆ ತನ್ನಿ. ಮೂರು ವಾರ ಸರಿಹೋಗುತ್ತದೆ. ಬೆಳಿಗ್ಗೆ ಏಳುವ ಹೊತ್ತನ್ನೂ ಜೊತೆಗೇ ಹಿಂದಕ್ಕೆ ತರಬೇಕು, ಬರೀ ಮಲಗಿಸಿದರೆ ಆಗುವುದಿಲ್ಲ. ಮಲಗುವ ಮುಂಚೆ ಮೊಬೈಲ್ ಬೇಡ.

ಮೊದಲಬೆಂಚು

ಚೀಲದ ತೂಕವೂ. ಮಗುವಿನ ತೂಕದ ಹತ್ತನೇ ಒಂದು ಭಾಗ ದಾಟಬಾರದು. 20 ಕಿಲೋ ಮಗುವಿಗೆ 2 ಕಿಲೋ. ನೀರಿನ ಬಾಟಲಿ ಸೇರಿಸಿ ತೂಗಿ ನೋಡಿ.

ಮಳೆಬಿಲ್ಲು

ನಮ್ಮ ಮನೆಯಲ್ಲಿ ತೂಗಿದಾಗ ಚೀಲದಲ್ಲಿ ಏಳು ಕಲ್ಲು ಸಿಕ್ಕವು. ಒಂದೊಂದಕ್ಕೂ ಹೆಸರು ಇತ್ತು. ಎರಡನ್ನು ಇಟ್ಟುಕೊಳ್ಳಲು ಬಿಟ್ಟೆ.

ಎರಡುಕಣ್ಣು

ಎರಡು ಬಿಟ್ಟದ್ದು ಒಳ್ಳೆಯದಾಯಿತು. ಮನೆಯ ಒಂದು ವಸ್ತು ಜೇಬಿನಲ್ಲಿ ಇದ್ದರೆ ಮಗುವಿಗೆ ಧೈರ್ಯ.

ಅವಳಿತಾಯಿ

ಸಂಜೆಯ ವಿಷಯ ಹೇಳಲೇಬೇಕು. ಶಾಲೆಯಲ್ಲಿ ಬಂಗಾರದಂಥ ಮಗು, ಮನೆಗೆ ಬಂದ ಹತ್ತೇ ನಿಮಿಷಕ್ಕೆ ಸಾಕ್ಸ್ ಬಿಗಿಯಾಯಿತು ಅಂತ ನೆಲಕ್ಕೆ ಬಿದ್ದು ಅಳುತ್ತದೆ. ಶಾಲೆಯಲ್ಲಿ ಏನೋ ಕೆಟ್ಟದ್ದು ಆಗಿದೆ ಅಂತ ನಾನು ಎಷ್ಟು ಹೆದರಿದ್ದೆ! ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ದಿನವಿಡೀ ಕೂರು, ಸುಮ್ಮನಿರು, ಕಾಯು, ಸಾಲಿನಲ್ಲಿ ನಿಲ್ಲು ಅಂತ ತನ್ನನ್ನು ತಾನೇ ಬಿಗಿಹಿಡಿದಿರುತ್ತದೆ. ನಮ್ಮ ಮುಂದೆ ಆ ಹಿಡಿತ ಬಿಡುತ್ತದೆ. ಸಾಕ್ಸ್ ಬರೀ ನೆಪ. ಬೈಯಬೇಡಿ, ತಿದ್ದಬೇಡಿ. ತಿನ್ನಲು ಏನಾದರೂ ಕೊಟ್ಟು ಪಕ್ಕದಲ್ಲಿ ಕೂರಿ.

"ಇವತ್ತು ಏನು ಕಲಿತೆ?" ಅಂತ ಬಾಗಿಲಲ್ಲೇ ಕೇಳಬೇಡಿ. "ಏನೂ ಇಲ್ಲ" ಅನ್ನುವುದೇ ಉತ್ತರ. ನನ್ನ ಮಕ್ಕಳು ರಾತ್ರಿ ದೀಪ ಆರಿದ ಮೇಲೆ ಮಾತಾಡುತ್ತಿದ್ದರು. ಗುಬ್ಬಚ್ಚಿಯವರ ಮಗಳೂ ಹಾಗೆಯೇ ಅಲ್ವಾ?

ಲೆಕ್ಕದಪ್ಪ

ನನ್ನ ಮಗ "ನಾನು ದಡ್ಡ" ಅಂದದ್ದೂ ರಾತ್ರಿಯೇ. ನಾನು ಆಗ "ಹಾಗೆಲ್ಲ ಅನ್ನಬಾರದು, ಮಲಗು" ಅಂದೆ. ಅವನು ಮುಂದೆ ಏನು ಹೇಳುವವನಿದ್ದ ಅಂತ ಕೇಳಬೇಕಿತ್ತು.

ದಾರಿತಾತ

ಈಗಲೂ ಕೇಳಬಹುದು. ಈಗ ಎಷ್ಟನೇ ತರಗತಿ?

ಲೆಕ್ಕದಪ್ಪ

ಮೂರನೇ ತರಗತಿ. ಇವತ್ತು ರಾತ್ರಿ ಕೇಳುತ್ತೇನೆ ತಾತ.

ಗುಬ್ಬಚ್ಚಿ

ಐದು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಎಷ್ಟು ಜನ ಕೇಳಿದ್ದೀರಿ, ತಡವಾಯಿತು.

ನಾವು ಬರೆಸಲಿಲ್ಲ. ಅವಳ ಅಪ್ಪ ಈ ಚರ್ಚೆಯನ್ನು ಕೂತು ಪೂರ್ತಿ ಓದಿದರು. ಮರುದಿನ ಅವರೇ ಹೋಗಿ ಎರಡು ಕ್ಲಿಪ್‌ನ ಡಬ್ಬಿ ತಂದರು. ಸಂಜೆ ಸಂಜೆ "ಟೀಚರ್ ಆಟ" ಆಡಿದರು. ಅವರು ಬೋರ್ಡ್ ಕಡೆ ತಿರುಗಿ ನಿಲ್ಲುವುದು, ಇವಳು ಹಿಂದಿನಿಂದ ಬಂದು "ಟೀಚರ್, ಟಾಯ್ಲೆಟ್‌ಗೆ ಹೋಗಬೇಕು" ಅನ್ನುವುದು. ಮೊದಲು ಪಿಸುಮಾತು. ಅವರು ಕೇಳಿಸಲಿಲ್ಲ ಅನ್ನುತ್ತಿದ್ದರು. ಹತ್ತನೇ ದಿನಕ್ಕೆ ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತು.

ಆದರೂ ಶಾಲೆಯ ಎರಡನೇ ದಿನ ಬೇರೆ ಬಟ್ಟೆಯಲ್ಲಿ ಮನೆಗೆ ಬಂದಳು. ಹೇಳಲು ಹೋಗಿದ್ದಾಳೆ, ಟೀಚರ್ ಸುತ್ತ ಬೇರೆ ಮಕ್ಕಳಿದ್ದರಂತೆ, ಕಾದಿದ್ದಾಳೆ. ತಳದಲ್ಲಿದ್ದ ಕವರ್‌ನಲ್ಲಿ ಒದ್ದೆ ಬಟ್ಟೆ ತಾನೇ ಹಾಕಿ ಗಂಟು ಕಟ್ಟಿದ್ದಳು. ಹಳೆಟೀಚರ್, ಆ ಗಂಟು ನೋಡಿ ನಿಮ್ಮನ್ನು ನೆನೆದೆ. ನಾವು ಮನೆಯಲ್ಲಿ ಕಾಯದೆ ಹೇಳುವುದನ್ನು ಆಡಿರಲೇ ಇಲ್ಲ. ಆಮೇಲೆ ಟೀಚರ್ ಹತ್ತಿರ ಮಾತಾಡಿದೆ. ಕೈ ಎತ್ತಿ ಎರಡು ಬೆರಳು ತೋರಿಸಿದರೆ ಸಾಕು, ಕೇಳಬೇಕಾಗಿಲ್ಲ, ಹೋಗಬಹುದು ಅಂತ ಇಡೀ ತರಗತಿಗೆ ಹೇಳಿದರಂತೆ.

ಗೇಟಿನಲ್ಲಿ ಇನ್ನೂ ಅಳುತ್ತಾಳೆ. ದಿನಾ ಅಲ್ಲ, ಸೋಮವಾರ. 3 ಇನ್ನೂ ಉಲ್ಟಾ. ಒಬ್ಬ ಗೆಳತಿ ಸಿಕ್ಕಿದ್ದಾಳೆ, ಹೆಸರು ಗೊತ್ತಿಲ್ಲ, "ಕೆಂಪು ಬಾಟಲಿ" ಅನ್ನುತ್ತಾಳೆ.

ಅವಳಿತಾಯಿ

ಕೆಂಪು ಬಾಟಲಿಯ ಅಮ್ಮನನ್ನು ಗೇಟಿನಲ್ಲಿ ಹುಡುಕಿ. ಒಂದು ಭಾನುವಾರ ಇಬ್ಬರೂ ಸೇರಿ ಆಡಲಿ. ಸೋಮವಾರದ ಅಳುವಿಗೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ.

ಕಿರಿಯವನಅಮ್ಮ

ನಾವು ಒಂದು ವರ್ಷ ಕಾಯುವುದು ಅಂತ ತೀರ್ಮಾನ ಮಾಡಿದೆವು. ಗುಬ್ಬಚ್ಚಿಯವರೇ, ಆ ಎರಡು ಕ್ಲಿಪ್‌ನ ಡಬ್ಬಿ ಸೋರುವುದಿಲ್ಲ ತಾನೇ?

ಗುಬ್ಬಚ್ಚಿ

ನೀರು ತುಂಬಿ ತಲೆಕೆಳಗೆ ಮಾಡಿ ನೋಡಿದೆ. ಸ್ವಲ್ಪ ಸೋರುತ್ತದೆ. ಗಟ್ಟಿ ಪದಾರ್ಥವನ್ನೇ ಹಾಕಿ ಕಳಿಸುತ್ತಿದ್ದೇನೆ.